ಕಂಬದ ಪಕ್ಕ ನಿಂತವರ ಕೇಸ್ ಸ್ಟಡಿ

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾದೆ. ಇದಕ್ಕೆ ಜ್ಞಾನದಾಹ ಕಾರಣವಲ್ಲ. ಮಹಾಪೆಯಲ್ಲಿ ನಾನು ದುಡಿಯುತ್ತಿದ್ದ ವಾಲ್ವ್ ಕಾರ್ಖಾನೆಗೆ ಹೊಸ ಮ್ಯಾನೇಜರರೊಬ್ಬರು ಬಂದರು. ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಇಲ್ಲದವರು ಇನ್ನು ಮೇಲೆ ಸ್ಟೋರ್ಸ್ ವಿಭಾಗದ ಮುಖ್ಯಸ್ಥರಾಗುವಂತಿಲ್ಲ ಎಂದು ಬಂದ ವಾರದಲ್ಲೇ ಸುತ್ತೋಲೆ ಹೊರಡಿಸಿದರು. ಇಪ್ಪತ್ತು ವರ್ಷ ನಟ್ಟು ಬೋಲ್ಟುಗಳನ್ನು ಕಾಯ್ದವನಿಗೆ ನಟ್ಟು ಬೋಲ್ಟುಗಳನ್ನು ಕಾಯುವ ಯೋಗ್ಯತೆಯಿದೆ ಎಂದು ವಿಶ್ವವಿದ್ಯಾಲಯವೊಂದು ಬರೆದುಕೊಡಬೇಕಾಗಿ ಬಂತು. ನಾನು ದೂರಶಿಕ್ಷಣಕ್ಕೆ ಹೆಸರು ಹಚ್ಚಿದೆ. ಮಗಳ ಹತ್ತನೇ ಇಯತ್ತೆಯ ಪರೀಕ್ಷೆಯೂ ನನ್ನದೂ ಒಂದೇ ತಿಂಗಳಲ್ಲಿ ಬಂದಿದ್ದರಿಂದ, ಇಬ್ಬರಿಗೂ ಸೇರಿಸಿ ಒಂದೇ ತುಪ್ಪದ ದೀಪ ಹಚ್ಚುವುದಾಗಿಯೂ, ದೇವರು ಯಾರದನ್ನು ಮೊದಲು ಕೇಳುತ್ತಾನೋ ಅವನಿಗೇ ಬಿಟ್ಟದ್ದೆಂದೂ ನನ್ನ ಹೆಂಡತಿ ಘೋಷಿಸಿದಳು.

ತರಗತಿಗಳು ಭಾನುವಾರ, ಠಾಣೆಯ ಒಂದು ಪ್ರಾಥಮಿಕ ಶಾಲೆಯಲ್ಲಿ. ಬೆಂಚುಗಳು ಹನ್ನೊಂದು ವರ್ಷದವರ ಮೊಣಕಾಲಿಗೆ ಅಳತೆ ಮಾಡಿದಂಥವು. ಅವುಗಳೊಳಗೆ ನಾವು ಬ್ಯಾಂಕಿನವರು, ವಿಮೆಯವರು, ಸ್ಟೋರ್ಸಿನವರು ಕಾಲು ಮಡಚಿಕೊಂಡು ಕೂತು ನಾಯಕತ್ವದ ಗುಣಗಳನ್ನು ಬರೆದುಕೊಳ್ಳುತ್ತಿದ್ದೆವು. ಪಾಠ ಹೇಳುವ ಮೇಷ್ಟ್ರು ನನ್ನ ತಂಗಿಯ ಮಗನಿಗಿಂತ ಚಿಕ್ಕವರು. ವರ್ಷದ ಕೊನೆಗೆ ಪ್ರತಿಯೊಬ್ಬರೂ ನಿಜವಾದ ಒಂದು ಸಂಸ್ಥೆಯನ್ನು ಕಂಡು ಬಂದು ಅದರ ಮೇಲೆ ಹತ್ತು ಪುಟದ ಕೇಸ್ ಸ್ಟಡಿ ಬರೆಯಬೇಕೆಂದು ಅವರು ಅಪ್ಪಣೆ ಮಾಡಿದರು. ಸಂಸ್ಥೆಯ ಪರಿಚಯ, ಸಮಸ್ಯೆ, ವಿಶ್ಲೇಷಣೆ, ಕೊನೆಗೆ ಶಿಫಾರಸುಗಳು. ಶಿಫಾರಸು ಮೂರಕ್ಕಿಂತ ಕಡಿಮೆ ಇರಕೂಡದು. ಸಮಸ್ಯೆಯೇ ಇಲ್ಲದ ಸಂಸ್ಥೆ ಸಿಕ್ಕರೆ ಏನು ಮಾಡಬೇಕೆಂದು ಬ್ಯಾಂಕಿನವರೊಬ್ಬರು ಕೇಳಿದರು. ಸರಿಯಾಗಿ ನೋಡಿಲ್ಲ ಎಂದರ್ಥ, ಎಂದರು ಮೇಷ್ಟ್ರು.

ಈ ಸಂಕಟಕ್ಕೆ ಕಲ್ಯಾಣದಲ್ಲಿ ಪರಿಹಾರವಿತ್ತು. ಸ್ಟೇಷನ್ನಿನ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಹಿಂದಿನ ವರ್ಷಗಳ ಕೇಸ್ ಸ್ಟಡಿಗಳು ಕಟ್ಟುಕಟ್ಟಾಗಿ ಸಿಗುತ್ತಿದ್ದವು. ಮೊದಲ ಪುಟ ಬದಲಿಸಿದರೆ ಆಯಿತು. ನಾನೂ ಹೋಗಿ ತಿರುವಿ ನೋಡಿದೆ. ಎಲ್ಲ ಸಂಸ್ಥೆಗಳಿಗೂ ಒಂದೇ ರೋಗ: ಮೇಲಿನವರ ಮಾತು ಕೆಳಗಿನವರಿಗೆ ಮುಟ್ಟುವುದಿಲ್ಲ. ಎಲ್ಲಕ್ಕೂ ಒಂದೇ ಔಷಧಿ: ತರಬೇತಿ ಶಿಬಿರ. ಒಂದು ಸಹಕಾರಿ ಬ್ಯಾಂಕಿನ ಕೇಸಿನ ಏಳನೆಯ ಪುಟದಲ್ಲಿ ಮಾತ್ರ ಇದ್ದಕ್ಕಿದ್ದಂತೆ ರಬ್ಬರ್ ಚಪ್ಪಲಿಯ ಅಡಿಭಾಗ ಸವೆಯುವ ಚರ್ಚೆ ಬರುತ್ತಿತ್ತು. ಹಿಂದಿನ ಜನ್ಮದಲ್ಲಿ ಅದು ಚಪ್ಪಲಿ ಕಾರ್ಖಾನೆಯಾಗಿತ್ತು. ನಾನು ಕೊಳ್ಳದೆ ಬಂದೆ. ಪ್ರಾಮಾಣಿಕತೆಯ ಹೆಗ್ಗಳಿಕೆ ಬೇಡ. ಮುಟ್ಟಿ ನೋಡದ ಮಾಲಿಗೆ ಸಹಿ ಹಾಕಿದರೆ ಸ್ಟೋರ್ಸಿನವನಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಅಷ್ಟೆ.

ನನಗೆ ಗೊತ್ತಿದ್ದ ನಿಜವಾದ ಸಂಸ್ಥೆ ಎಂದರೆ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನ ಸೇತುವೆಗೆ ಕೂಗಳತೆಯಲ್ಲಿದ್ದ ಉಡುಪಿಯವರ ಹೋಟೆಲು. ಹನ್ನೊಂದು ವರ್ಷದಿಂದ ನನ್ನ ಬೆಳಗಿನ ತಿಂಡಿ ಅಲ್ಲೇ. ತಿಂದು, ಸೇತುವೆ ಹತ್ತಿ, ಎಂಟು ಗಂಟೆ ನಾಲ್ಕು ನಿಮಿಷದ ಲೋಕಲ್ ರೈಲು ಹಿಡಿದು ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ಘಣಸೋಲಿಗೆ, ಅಲ್ಲಿಂದ ರಿಕ್ಷಾದಲ್ಲಿ ಮಹಾಪೆಗೆ. ಮಾಲೀಕರು ಗಲ್ಲೆಯ ಮೇಲೆ ಕೂತ ಭಂಗಿಯಲ್ಲೇ ನನ್ನ ಕೋರಿಕೆಯನ್ನು ಕೇಳಿದರು. ಅವರ ಹೋಟೆಲಿಗೆ ಸಮಸ್ಯೆ ಇದೆಯೇ ಎಂದು ನಾನು ವಿನಯದಿಂದ ವಿಚಾರಿಸಿದಾಗ ಮೊದಲು ಬೇಸರಪಟ್ಟರು. ಆಮೇಲೆ ಸ್ವಲ್ಪ ಹೊತ್ತು ರಸ್ತೆ ನೋಡಿ, ದನಿ ತಗ್ಗಿಸಿ, ಇದೆ ಎಂದರು. ಹೋಟೆಲಿನ ನಡುವಿನ ಕಂಬವನ್ನು ಕಣ್ಣಿನಲ್ಲೇ ತೋರಿಸಿದರು.

ಕಂಬದ ಪಕ್ಕ ದೊಡ್ಡಣ್ಣ ನಿಂತಿದ್ದರು. ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ಅರವತ್ತು ದಾಟಿದ, ತೆಳ್ಳಗಿನ, ಬಿಳಿ ಅಂಗಿಯ ಮನುಷ್ಯ. ಮಾಲೀಕರ ತಂದೆಯ ಕಾಲದಲ್ಲಿ ಕುಂದಾಪುರದ ಕಡೆಯಿಂದ ಬಂದವರು, ಹೋಟೆಲಿನ ಅಟ್ಟದ ಮೇಲೆ ವಾಸ, ಮದುವೆಯಿಲ್ಲ, ಊರಿನಲ್ಲಿ ಈಗ ಅವರ ಗುರುತು ಹಿಡಿಯುವವರೂ ಇಲ್ಲ. ಅವರು ಪ್ಲೇಟು ಎತ್ತುತ್ತಿರಲಿಲ್ಲ, ಆರ್ಡರ್ ಬರೆದುಕೊಳ್ಳುತ್ತಿರಲಿಲ್ಲ, ಮೇಜು ಒರೆಸುತ್ತಿರಲಿಲ್ಲ. ನಿಂತಿರುತ್ತಿದ್ದರು. ನಾನು ಹನ್ನೊಂದು ವರ್ಷ ಅವರನ್ನು ಕಟ್ಟಡದ ಒಂದು ಭಾಗವೆಂದೇ ತಿಳಿದಿದ್ದೆ.

ಸಮಸ್ಯೆ ಎದ್ದದ್ದು ಮಾಲೀಕರ ಮಗಳಿಂದ. ನವಿ ಮುಂಬಯಿಯ ಕಾಲೇಜಿನಲ್ಲಿ, ದೂರದಿಂದಲ್ಲ ಹತ್ತಿರದಿಂದಲೇ, ಮ್ಯಾನೇಜ್‌ಮೆಂಟ್ ಓದಿ ಮುಗಿಸಿ ಹೋಟೆಲಿನ ಆಡಳಿತ ವಹಿಸಿಕೊಳ್ಳುತ್ತಿದ್ದಳು. ಒಳ್ಳೆಯ ಹುಡುಗಿ, ಕೆಲಸದಲ್ಲಿ ಚುರುಕು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮೂರು ಭಾಷೆಗಳಲ್ಲಿ ಬರುತ್ತಿತ್ತು. ಕೆಲಸಗಾರರ ಪಟ್ಟಿ ಮಾಡಿ ಎಲ್ಲರ ಮುಂದೆ ಅವರವರ ಕೆಲಸ ಬರೆದಿದ್ದಳು. ದೊಡ್ಡಣ್ಣನ ಮುಂದೆ ಬರೆಯಲು ಏನೂ ಸಿಕ್ಕಿರಲಿಲ್ಲ. ದೀಪಾವಳಿಯ ನಂತರ ಹೋಟೆಲಿನ ನವೀಕರಣ. ಆಗ ಅಟ್ಟವೂ ಹೋಗುತ್ತದೆ, ದೊಡ್ಡಣ್ಣನನ್ನೂ ಗೌರವದಿಂದ ಊರಿಗೆ ಕಳಿಸುವುದು ಎಂದು ಅವಳ ಸೂಚನೆ.

"ಅವರನ್ನು ಕಳಿಸ್ಲಿಕ್ಕೆ ನನಗೆ ಬಾಯಿ ಇಲ್ಲ, ಇಟ್ಕೊಳ್ಲಿಕ್ಕೆ ಕಾರಣ ಇಲ್ಲ," ಎಂದರು ಮಾಲೀಕರು. "ನೀವು ಬರೀರಿ ಮಾರಾಯ್ರೆ. ನಿಮ್ಮ ಯುನಿವರ್ಸಿಟಿ ಎಂಥ ಹೇಳ್ತದೆ ನೋಡುವ."

ಹೀಗೆ ನನ್ನ ಕೇಸಿಗೆ ಸಮಸ್ಯೆ ಸಿಕ್ಕಿತು. ಒಬ್ಬ ಮನುಷ್ಯನ ಅನ್ನ ನನ್ನ ಹತ್ತು ಪುಟದ ಮೇಲೆ ಬಂದು ಕೂತಿದೆ ಎಂಬುದು ಮನೆ ಮುಟ್ಟುವ ಹೊತ್ತಿಗೆ ಹೊಳೆದು, ಚಪ್ಪಲಿಯ ಬ್ಯಾಂಕನ್ನೇ ಕೊಂಡುಕೊಂಡಿದ್ದರೆ ಆಗುತ್ತಿತ್ತಲ್ಲ ಎನಿಸಿತು.

ಮರುದಿನದಿಂದ ನಾನು ಅರ್ಧ ಗಂಟೆ ಮೊದಲೇ ಹೋಗಿ ಕೂರತೊಡಗಿದೆ. ಕೈಯಲ್ಲಿ ನೋಟ್‌ಬುಕ್ಕು, ಮಗಳ ಶಾಲೆಯ ಓಟದ ಸ್ಪರ್ಧೆಗೆ ಕೊಂಡಿದ್ದ ಸ್ಟಾಪ್‌ವಾಚು. ಪುಸ್ತಕದಲ್ಲಿ ಹೇಳಿದಂತೆ ಐದೈದು ನಿಮಿಷಕ್ಕೊಮ್ಮೆ ದೊಡ್ಡಣ್ಣ ಮಾಡಿದ್ದನ್ನು ಬರೆದೆ. ಏಳೂಕಾಲು: ನಿಂತಿದ್ದಾರೆ. ಏಳು ಇಪ್ಪತ್ತು: ನಿಂತಿದ್ದಾರೆ. ಏಳು ಇಪ್ಪತ್ತೈದು: ಕಂಬದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಒಂದು ವಾರದ ವೈಜ್ಞಾನಿಕ ವೀಕ್ಷಣೆಯ ಫಲವಾಗಿ ನನ್ನಲ್ಲಿ ನಾಲ್ಕು ಪುಟಗಳ 'ನಿಂತಿದ್ದಾರೆ' ಸಂಗ್ರಹವಾಯಿತು. ಬಡಿಸುವವನೊಬ್ಬನನ್ನು ಕರೆದು ದೊಡ್ಡಣ್ಣ ನಿಜಕ್ಕೂ ಏನು ಮಾಡುತ್ತಾರೆಂದು ಕೇಳಿದೆ. ಅವನು ತುಂಬ ಯೋಚಿಸಿ, "ಅವರು ಇರ್ತಾರೆ," ಎಂದ.

ಎರಡನೆಯ ವಾರದ ಬುಧವಾರ ಕಂಬದ ಪಕ್ಕ ಯಾರೂ ಇರಲಿಲ್ಲ. ಘಣಸೋಲಿಯ ಹೊಸ ಸೆಕ್ಟರಿನಲ್ಲಿ ಊರ ಕಡೆಯವರೊಬ್ಬರ ಗೃಹಪ್ರವೇಶಕ್ಕೆ ದೊಡ್ಡಣ್ಣ ಬೆಳಗಿನ ಗಾಡಿಗೇ ಹೋಗಿದ್ದರು. ನನಗೆ ಸಂತೋಷವೇ ಆಯಿತು. ಹೋಲಿಕೆಗೆ ಒಂದು ದಿನ ಸಿಕ್ಕಂತಾಯಿತು. ಮಸಾಲೆ ದೋಸೆ ಕೇಳಿದೆ. ವಾರದ ದಿನಗಳಲ್ಲಿ ಮಸಾಲೆ ದೋಸೆ ಕೇಳಿದರೆ "ತಡ ಉಂಟು ಸಾರ್, ಇಡ್ಲಿ ತರ್ಲಾ?" ಎಂಬ ಉತ್ತರ ಬಂದೇ ಬರುತ್ತಿತ್ತು; ಶನಿವಾರ, ನನಗೆ ರಜೆಯ ದಿನ, ಅದೇ ದೋಸೆ ಕೇಳಿದ ಕೂಡಲೇ ಬರುತ್ತಿತ್ತು. ಇದನ್ನು ನಾನು ಕಾವಲಿಯ ಸ್ವಭಾವವೆಂದು ತಿಳಿದಿದ್ದೆ. ಆ ಬುಧವಾರ ಯಾರೂ ತಡೆಯಲಿಲ್ಲ. ದೋಸೆ ಬಂದಾಗ ಎಂಟಕ್ಕೆ ಐದು ನಿಮಿಷ. ಸೇತುವೆ ದಾಟಲು ಆ ಹೊತ್ತಿನ ನೂಕುನುಗ್ಗಲಿನಲ್ಲಿ ಏಳೆಂಟು ನಿಮಿಷ ಬೇಕು. ಅರ್ಧ ಬಿಟ್ಟು ಓಡಿದೆ. ನನ್ನ ಹಿಂದೆ ಮುಂದೆ ಹೋಟೆಲಿನ ಅರ್ಧ ಗಿರಾಕಿಗಳು ಓಡುತ್ತಿದ್ದರು. ಎಂಟು ನಾಲ್ಕು ನಮ್ಮ ಕಾಲ ಕೆಳಗೇ, ನಾವಿನ್ನೂ ಸೇತುವೆಯ ಮೇಲಿರುವಾಗಲೇ, ಹೊರಟುಹೋಯಿತು. ಪಕ್ಕದಲ್ಲಿ ನಿಂತು ಏದುಸಿರು ಬಿಡುತ್ತಿದ್ದವರ ಟೈಯ ಮೇಲೆ ಬಟಾಟೆ ಪಲ್ಯವಿತ್ತು. ಅವರು ಅದನ್ನು ಉಗುರಿನಿಂದ ತೆಗೆಯುತ್ತ, ಇವತ್ತು ಹೋಟೆಲಿಗೆ ಏನಾಗಿದೆ ಎಂದು ಮರಾಠಿಯಲ್ಲಿ ನನ್ನನ್ನೇ ಕೇಳಿದರು.

ನಾನು ತಡವಾದದ್ದಕ್ಕೆ ಕಾರ್ಖಾನೆಯಲ್ಲಿ ಬೈಸಿಕೊಂಡೆ. ಆದರೆ ಮನಸ್ಸು ಅಲ್ಲಿರಲಿಲ್ಲ. ಮರುದಿನ ಸ್ಟಾಪ್‌ವಾಚನ್ನು ಮನೆಯಲ್ಲಿ ಬಿಟ್ಟು ಹೋಗಿ, ದೊಡ್ಡಣ್ಣನ ಕೈಯನ್ನು ಮಾತ್ರ ನೋಡುತ್ತ ಕೂತೆ.

ಕಂಬದ ಮೇಲೆ ಇಟ್ಟ ಕೈ ಸುಮ್ಮನೆ ಇಟ್ಟದ್ದಲ್ಲ. ಗಿರಾಕಿ ಒಳಗೆ ಬಂದ ಕೂಡಲೇ ದೊಡ್ಡಣ್ಣ ಗದ್ದ ಎತ್ತಿ ಅವನಿಗೊಂದು ಕುರ್ಚಿ ತೋರಿಸುತ್ತಿದ್ದರು. ಆತ ಅದು ತನ್ನದೇ ಆಯ್ಕೆ ಎಂದುಕೊಂಡು ಹೋಗಿ ಕೂರುತ್ತಿದ್ದ. ಆಮೇಲೆ ಕಂಬದ ಮೇಲೆ ಬೆರಳು. ಒಂದು ಬೆರಳೆಂದರೆ ಗಾಡಿ ಹತ್ತಿರವಿದೆ: ಇಡ್ಲಿ, ವಡೆ, ಶಿರಾ, ಹೀಗೆ ತಯಾರಿರುವುದಷ್ಟೆ, ದೋಸೆ ಕೇಳಿದರೆ ತಡವಿದೆ ಎನ್ನಬೇಕು. ಎರಡು ಬೆರಳೆಂದರೆ ದೋಸೆಗೆ ಅಡ್ಡಿಯಿಲ್ಲ. ಇಡೀ ಅಂಗೈ ಊರಿದರೆ ಆತನಿಗೆ ಅವಸರವಿಲ್ಲ, ಬಿಲ್ಲು ಮುಂದಿಡಬಾರದು. ಬಡಿಸುವವರು ಹೋಗುತ್ತ ಬರುತ್ತ ಕಂಬವನ್ನು ನೋಡುತ್ತಿದ್ದರು. ಅದು ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ನೋಡುತ್ತಿದ್ದೇವೆ ಎಂಬುದೂ ಅವರಿಗೆ ತಿಳಿದಿರಲಿಲ್ಲ. ಗಲ್ಲೆಯ ಮೇಲೆ ರಸ್ತೆಗೆ ಮುಖ ಮಾಡಿ ಕೂತ ಮಾಲೀಕರಿಗಂತೂ ತೃಪ್ತರಾಗಿ ಹೊರಹೋಗುವ ಮುಖಗಳಷ್ಟೇ ಕಾಣುತ್ತಿದ್ದವು.

ಹನ್ನೊಂದು ವರ್ಷ ನಾನು ಇಡ್ಲಿ ತಿಂದದ್ದು ನನ್ನ ಇಚ್ಛೆಯಿಂದಲ್ಲ ಎಂದು ತಿಳಿದಾಗ ಸ್ವಲ್ಪ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಕುತೂಹಲ. ಶನಿವಾರ ಮಧ್ಯಾಹ್ನ ಹೋಟೆಲು ಖಾಲಿಯಿದ್ದಾಗ ದೊಡ್ಡಣ್ಣನನ್ನು ಎದುರು ಕೂರಿಸಿಕೊಳ್ಳಲು ನೋಡಿದೆ. ಕೂರಲು ಒಪ್ಪಲಿಲ್ಲ, ಅವರು ನಿಂತೇ, ನಾನು ಕೂತೇ ಸಂದರ್ಶನ ನಡೆಯಿತು. ದಿನಾ ಬರುವವರ ಗಾಡಿ ಗೊತ್ತಿರುವುದು ದೊಡ್ಡ ಮಾತಲ್ಲ ಎಂದರು. ವಿಠ್ಠಲವಾಡಿಯ ಶಾಲೆಗೆ ಹೋಗುವ ಟೀಚರಮ್ಮನಿಗೆ ಉಲ್ಟಾ ಗಾಡಿ, ಮುಂಬಯಿಗೆ ಬೆನ್ನು ಹಾಕಿ ಹೋಗುವುದು, ಖಾಲಿ ಇರುತ್ತದೆ, ಒಂದು ತಪ್ಪಿದರೆ ಇನ್ನೊಂದು, ಅವರಿಗೆ ಎರಡು ಬೆರಳು. ಫಾಸ್ಟ್ ಗಾಡಿ ಹಿಡಿಯುವವರನ್ನು ಬಾಗಿಲ ಹತ್ತಿರ ಕೂರಿಸಬೇಕು. ಡೊಂಬಿವಲಿಯಿಂದಲೇ ಹೊರಡುವ ಗಾಡಿಯವರು ಸೀಟಿಗಾಗಿ ಹತ್ತು ನಿಮಿಷ ಮೊದಲೇ ಹೋಗುವವರು. ಅದನ್ನೂ ಲೆಕ್ಕ ಹಿಡಿಯಬೇಕು. ಹಾಗಾದರೆ ಎಂದೂ ನೋಡದ ಹೊಸಬರ ಗಾಡಿ ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

"ಕಾಲು ನೋಡ್ಬೇಕು," ಎಂದರು ದೊಡ್ಡಣ್ಣ. "ಗಾಡಿ ಹತ್ತಿರ ಇದ್ದವ ಕೂತ ಮೇಲೂ ಹಿಮ್ಮಡಿ ಊರುದಿಲ್ಲ."

ನಾನು ಮೇಜಿನ ಕೆಳಗೆ ನನ್ನ ಹಿಮ್ಮಡಿಯನ್ನು ನೋಡಿಕೊಂಡೆ. ರಜೆಯ ದಿನವಾದ್ದರಿಂದ ಊರಿತ್ತು.

ಮೂಲೆಯ ಮೇಜಿನ ಬಗ್ಗೆಯೂ ಕೇಳಬೇಕಿತ್ತು. ಕಂಬದ ಹಿಂದೆ, ಬಾಗಿಲೂ ಗೋಡೆ ಗಡಿಯಾರವೂ ಕಾಣದ ಕಡೆ ಒಂದು ಸಣ್ಣ ಮೇಜು. ದಿನವೂ ಎಂಟಕ್ಕೆ ಸ್ವಲ್ಪ ಮೊದಲು ಇಸ್ತ್ರಿ ಮಾಡಿದ ಅಂಗಿಯ, ಚರ್ಮದ ಚೀಲದ ಒಬ್ಬರನ್ನು ದೊಡ್ಡಣ್ಣ ಅಲ್ಲಿಗೇ ಕಳಿಸುತ್ತಿದ್ದರು. ಕಂಬದ ಮೇಲೆ ಅಂಗೈ. ಶನಿವಾರ ನಾನು ನಿಧಾನವಾಗಿ ಒಂಬತ್ತರ ಮೇಲೆ ಹೊರಡುವಾಗಲೂ ಅವರು ಅಲ್ಲೇ ಇರುತ್ತಿದ್ದರು. ಅಷ್ಟು ತಡವಾಗಿ ಯಾವ ಆಫೀಸು ತೆರೆಯುತ್ತದೆ ಎಂದು ನನಗೆ ಸೋಜಿಗ.

ದೊಡ್ಡಣ್ಣ ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳಿದರು. ಆ ಮನುಷ್ಯ ಮೊದಲು ನನ್ನ ಗಾಡಿಯವರೇ, ಎಂಟು ನಾಲ್ಕು. ಠಾಣೆ-ಬೇಲಾಪುರ ರಸ್ತೆಯ ಅವರ ಕಾರ್ಖಾನೆ ಮುಚ್ಚಿ ಮೂರು ತಿಂಗಳಾಗಿತ್ತು. ಅವರೇನೂ ಬಾಯಿ ಬಿಟ್ಟು ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಂದು ಎರಡೂ ಹಿಮ್ಮಡಿ ಊರಿ ಕೂತರಂತೆ, ದೊಡ್ಡಣ್ಣನಿಗೆ ತಿಳಿಯಿತು. ಮುಚ್ಚಿದ ಸುದ್ದಿ ಆಮೇಲೆ ಬೇರೆಯವರಿಂದ ಬಂತು. ಮನೆಯಲ್ಲಿ ಹೇಳಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೊರಡುತ್ತಾರೆ. ಹತ್ತು ಗಂಟೆಯ ನಂತರ ಕೆಲಸ ಹುಡುಕುತ್ತ ಎಲ್ಲೆಲ್ಲಿಗೋ ಹೋಗುತ್ತಾರೆ. ಅದಕ್ಕೆ ಮೊದಲಿನ ಎರಡು ಗಂಟೆ ಅವರು ಎಲ್ಲಿಯಾದರೂ ಇರಬೇಕು.

ನನ್ನೊಳಗಿನ ವಿದ್ಯಾರ್ಥಿ ಪೆನ್ನು ತೆಗೆದ. ಕೇಸ್ ಸ್ಟಡಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

"ಇದನ್ನು ಬರೀಬೇಡಿ," ಎಂದರು ದೊಡ್ಡಣ್ಣ. "ಅವರ ಹೆಂಡ್ತಿ ಸಂಜೆ ಇಲ್ಲಿಂದ್ಲೇ ಇಡ್ಲಿ ಹಿಟ್ಟು ತಗೊಂಡು ಹೋಗುದು. ಒಬ್ರ ಬಾಯಿಗೆ ಬಿದ್ರೆ ಸಾಕು."

"ಇದನ್ನ ಬರೀಲಿಲ್ಲಂದ್ರ ನಿಮ್ಮ ಕೆಲಸಾನ ಹೋಗತೈತ್ರಿ. ಉಳಿದದ್ದು ಯಾರ ಬೇಕಾದ್ರೂ ಕಲೀಬಹುದು," ಎಂದೆ.

"ಹೋದ್ರೆ ನನ್ನದು ಹೋಗ್ತದೆ. ಅವರದ್ದು ಒಮ್ಮೆ ಹೋಗಿ ಆಗಿದೆಯಲ್ಲ."

ಬರೆಯುವುದಿಲ್ಲವೆಂದು ಮಾತು ಕೊಟ್ಟು ನಾನು ಪೆನ್ನಿನ ಮುಚ್ಚಳ ಹಾಕಿದೆ. ಹತ್ತು ಪುಟಗಳಲ್ಲಿ ಬೆರಳುಗಳ ವಿವರ ಬರೆದೆ, ಹಿಮ್ಮಡಿಯ ಶಾಸ್ತ್ರ ಬರೆದೆ, ಬುಧವಾರದ ಅನಾಹುತವನ್ನು ಟೈಯ ಮೇಲಿನ ಪಲ್ಯದ ಸಮೇತ ಬರೆದೆ. ಮೂಲೆಯ ಮೇಜನ್ನು ಬಿಟ್ಟೆ. ಮೊದಲ ಶಿಫಾರಸು, ದೊಡ್ಡಣ್ಣನನ್ನು ಉಳಿಸಿಕೊಳ್ಳಬೇಕು. ಎರಡನೆಯದು, ಅವರಿಗೊಂದು ಪದನಾಮ ಕೊಡಬೇಕು. ಮೂರನೆಯದು ಹೊಳೆಯಲಿಲ್ಲ. ಠಾಣೆಯ ಆ ಬೆಂಚಿನ ಮೇಲೆ, ಕೊಡಲು ಹತ್ತು ನಿಮಿಷವಿರುವಾಗ, ಲೆಕ್ಕ ತುಂಬಿಸಲೆಂದು ಬರೆದೆ: ಗಾಡಿಗಳ ವೇಳೆಯನ್ನೂ ಅದಕ್ಕೆ ತಕ್ಕ ತಿಂಡಿಯನ್ನೂ ತೋರಿಸುವ ಫಲಕವೊಂದನ್ನು ಬಾಗಿಲಲ್ಲಿ ಹಾಕಬಹುದು. ನನಗೇ ಮೆಚ್ಚುಗೆಯಾಗಿ ಕೆಳಗೆ ಗೆರೆ ಎಳೆದೆ.

ಮೂರನೆಯದನ್ನೂ ಸೇರಿಸಿದ ಒಂದು ಪ್ರತಿಯನ್ನು ಸೋಮವಾರ ಮಾಲೀಕರಿಗೆ ಕೊಟ್ಟೆ. ಅವರು ಮಗಳಿಗೆ ಕೊಟ್ಟರು. ಬುಧವಾರ ಅವಳು ನನ್ನನ್ನು ಬಾಗಿಲಲ್ಲೇ ಹಿಡಿದಳು. ಮುಖ ಅರಳಿತ್ತು. ಇಷ್ಟು ದಿನ ಇದು ಯಾರಿಗೂ ಗೊತ್ತೇ ಇರಲಿಲ್ಲ, ಇದು ಪೂರಾ ಒಂದು ಸಿಸ್ಟಮ್, ಫಲಕಕ್ಕೆ ಆರ್ಡರ್ ಕೊಟ್ಟಾಗಿದೆ, ಹೊಸ ಹೋಟೆಲಿನ ಮುಖ್ಯ ಆಕರ್ಷಣೆಯೇ ಅದು ಎಂದಳು. ಮೊದಲ ಎರಡು ಶಿಫಾರಸುಗಳ ಗತಿಯೇನು ಎಂದು ನಾನು ಕೇಳಿದೆ.

"ಅಂಕಲ್, ಬೋರ್ಡ್ ಬಂದ ಮೇಲೆ ದೊಡ್ಡಣ್ಣ ಕಶಾಲಾ, ಯಾಕೆ ಬೇಕು? ನೀವೇ ತೋ ಪ್ರೂವ್ ಮಾಡಿದ್ರಿ."

ನಿಜ. ಯಾರಿಗೂ ತಿಳಿಯದಷ್ಟು ದಿನ ಆ ಮನುಷ್ಯ ಸುರಕ್ಷಿತವಾಗಿದ್ದರು. ನಾನು ಅವರ ಕೆಲಸವನ್ನು ಕಂಡುಹಿಡಿದು, ಹತ್ತು ಪುಟ ವಿವರಿಸಿ, ಅವರಿಲ್ಲದೆ ಅದನ್ನು ನಡೆಸುವ ಉಪಾಯವನ್ನು ಗೆರೆ ಎಳೆದು ಸೂಚಿಸಿದ್ದೆ. ಚಪ್ಪಲಿಯ ಬ್ಯಾಂಕಿನಿಂದ ಯಾರಿಗೂ ಇಷ್ಟು ಹಾನಿಯಾಗಿರಲಿಕ್ಕಿಲ್ಲ.

ಮಾತು ಕೊಟ್ಟವನು ನಾನು, ಮೂಲೆಯ ಮೇಜಿನ ವಿಷಯ ಹೇಳುವಂತಿರಲಿಲ್ಲ. ಆದರೆ ತೋರಿಸಬಾರದು ಎಂದು ಯಾರೂ ಹೇಳಿರಲಿಲ್ಲ. ನನ್ನ ಅಧ್ಯಯನದಲ್ಲಿ ಒಂದು ಲೋಪ ಉಳಿದಿದೆಯೆಂದೂ, ನಮ್ಮ ಶಾಸ್ತ್ರದ ಪ್ರಕಾರ ನಿರ್ಧಾರ ತೆಗೆದುಕೊಳ್ಳುವವರು ಒಮ್ಮೆ ಕ್ಷೇತ್ರದರ್ಶನ ಮಾಡತಕ್ಕದ್ದೆಂದೂ ಗಂಭೀರವಾಗಿ ಹೇಳಿದೆ. ಶಾಸ್ತ್ರವೆಂದರೆ ಆ ಹುಡುಗಿಗೆ ಗೌರವ. ಮರುದಿನ ನಾನು ಅರ್ಧ ದಿನ ರಜೆ ಹಾಕಿದೆ. ಏಳೂವರೆಗೆ ಇಬ್ಬರೂ ಒಂದು ಮೇಜಿನಲ್ಲಿ ಕೂತೆವು.

ಅವಳು ಬೆರಳುಗಳನ್ನು ನೋಡಿದಳು, ಹಿಮ್ಮಡಿಗಳನ್ನು ನೋಡಿದಳು, ತನ್ನ ಫಲಕದ ನಕ್ಷೆಯ ಮೇಲೆ ಒಂದೊಂದನ್ನೇ ಸರಿ ಗುರುತು ಹಾಕಿದಳು. ಎಲ್ಲವೂ ಹೊಂದುತ್ತಿತ್ತು. ಎಂಟು ನಾಲ್ಕಿನವರು ಹೋದರು, ಎಂಟೂಕಾಲಿನವರು ಹೋದರು, ಒಂಬತ್ತರವರೂ ಹೋದರು. ಹೋಟೆಲು ಬರಿದಾಯಿತು. ಆಗ ಅವಳ ದೃಷ್ಟಿ ಮೂಲೆಗೆ ಹೋಯಿತು. ನಕ್ಷೆ ನೋಡಿದಳು, ಮತ್ತೆ ಮೂಲೆ ನೋಡಿದಳು. ಅವರದು ಯಾವ ಗಾಡಿ ಎಂದು ನನ್ನನ್ನು ಕೇಳಿದಳು. ನನ್ನ ಅಧ್ಯಯನದಲ್ಲಿ ಅದು ಬಂದಿಲ್ಲ, ದೊಡ್ಡಣ್ಣನನ್ನು ಕೇಳಬೇಕು ಎಂದೆ.

ಅವಳು ಎದ್ದು ಕಂಬದ ಬಳಿ ಹೋದಳು. ಮೂರು ಮಾರು ದೂರ; ನನಗೆ ಕೇಳಿಸುತ್ತಿತ್ತು.

"ಅವರ ಗಾಡಿ ಲೇಟ್ ಉಂಟು ಮಗಾ," ಎಂದರು ದೊಡ್ಡಣ್ಣ.

"ಕಿತನಾ ಲೇಟ್?"

"ಇನ್ನೂ ಅನೌನ್ಸ್ ಮಾಡ್ಲಿಲ್ಲ."

ಅವಳು ನಗಲು ಹೊರಟು ನಿಲ್ಲಿಸಿದಳು. ಇಸ್ತ್ರಿಯ ಅಂಗಿ, ಮೇಜಿನ ಮೇಲೆ ನಿಲ್ಲಿಸಿದ ಚೀಲ, ಅದರಿಂದ ಇಣುಕುವ ಡಬ್ಬಿಯ ಮುಚ್ಚಳ, ಮುಗಿದು ಎಷ್ಟೋ ಹೊತ್ತಾದ ಕಾಫಿಯ ಲೋಟ. ಆಮೇಲೆ ಕಂಬದ ಮೇಲೆ ಊರಿದ್ದ ದೊಡ್ಡಣ್ಣನ ಅಂಗೈಯನ್ನು ನೋಡಿದಳು. ಇಷ್ಟೂ ಹೊತ್ತು ಅದು ಅಲ್ಲೇ ಇತ್ತು. ಬಡಿಸುವವನೊಬ್ಬ ಬಿಲ್ಲಿನ ತಟ್ಟೆ ಹಿಡಿದು ಮೂಲೆಯ ಕಡೆ ಹೊರಟವನು, ಅಂಗೈ ನೋಡಿ, ಏನೋ ಮರೆತವನಂತೆ ಹಿಂದಿರುಗಿದ.

ಅವಳು ಬಂದು ಕೂತಳು. ಫಲಕದ ನಕ್ಷೆಯನ್ನು ಮಡಚಿ ಬದಿಗಿಟ್ಟಳು. ಆಮೇಲೆ ಫೋನು ತೆಗೆದು ಫಲಕದವನ ಜೊತೆ ಮರಾಠಿಯಲ್ಲಿ ಮಾತಾಡಿದಳು. ಅಕ್ಷರಗಳನ್ನು ಕತ್ತರಿಸಿ ಆಗಿದೆ ಎಂದು ಅವನು ಗೋಳಾಡುತ್ತಿದ್ದದ್ದು ಕೇಳಿಸಿತು. ಆ ಅಕ್ಷರಗಳಲ್ಲಿ ಹೋಟೆಲಿನ ಹೆಸರೇ ಬರುವಂತೆ ನೋಡು, ಉಳಿದದ್ದು ಬೇಡ ಎಂದಳು. ಅಪ್ಪನ ಹತ್ತಿರ ಹೋಗಿ ಅಟ್ಟವನ್ನು ಒಡೆಯದೆ ನವೀಕರಣ ಆಗುವುದಿಲ್ಲವೇ ಎಂದು ವಿಚಾರಿಸಿದಳು. ಮೂಲೆಯ ವಿಷಯವನ್ನು ಅವಳು ಆಡಲಿಲ್ಲ, ನಾನೂ ಆಡಲಿಲ್ಲ.

ನಾನು ಹೊರಡಲು ಎದ್ದಾಗ ಮೂರನೆಯ ಶಿಫಾರಸನ್ನು ಹೊಡೆದುಹಾಕಲು ಹೇಳಿದಳು. ಭಾನುವಾರವೇ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿಯಾಗಿದೆ, ಇನ್ನು ತಿದ್ದುವಂತಿಲ್ಲ ಎಂದು ನಾನು ತಪ್ಪಿತಸ್ಥನಂತೆ ಹೇಳಿದೆ.

"ಅಲ್ಲಿದ್ರೆ ಇರ್ಲಿ ಅಂಕಲ್," ಎಂದಳು. "ಅಲ್ಲಿ ಕೌನ್ ಓದ್ತಾರೆ?"

ಆ ಅಧ್ಯಯನಕ್ಕೆ ನನಗೆ ಪಾಸಿನ ಗಡಿಗೆ ತಾಗುವಷ್ಟು ಅಂಕ ಬಂತು. ವಿಶ್ಲೇಷಣೆ ಸಾಲದು, ಆದರೆ ಮೂರನೆಯ ಶಿಫಾರಸು ಉತ್ತಮ ಎಂದು ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು. ದೊಡ್ಡಣ್ಣ ಆ ಹೋಟೆಲಿನಲ್ಲಿ ಇನ್ನೂ ಆರು ವರ್ಷ ನಿಂತರು. ಕೊನೆಯ ಎರಡು ವರ್ಷ ಆ ಹುಡುಗಿ ಕಂಬದ ಪಕ್ಕದಲ್ಲಿ ಅವರಿಗೆಂದು ಕುರ್ಚಿ ಹಾಕಿಸಿದ್ದಳು. ಅದರಲ್ಲಿ ಅವರು ಗಿರಾಕಿಗಳನ್ನು ಕೂರಿಸುತ್ತಿದ್ದರು.